ಕಾಯಿಲೆ ಬಿದ್ದೆದ್ದ ಮೇಲೆ ಪರದೇಶದಲ್ಲಿ ಯಾವ ಕೆಲಸ?

ದೀರ್ಘಕಾಲದ ಕಾಯಿಲೆಯಿಂದ ಚೇತರಿಸಿಕೊಂಡ ರೋಗಿಗೆ ವೈದ್ಯರು ಹೇಳುವ ಕೊನೆಯ ಮಾತು ಸಾಮಾನ್ಯವಾಗಿ ಒಂದೇ: ‘ಇನ್ನು ನೀವು ನಿಧಾನವಾಗಿ ಕೆಲಸಕ್ಕೆ ಹೋಗಬಹುದು.’ ನಮ್ಮ ಊರಿನಲ್ಲಿ ಈ ಮಾತು ಕೇಳಿದರೆ ಮನೆಮಂದಿಗೆಲ್ಲ ಸಮಾಧಾನ. ಬ್ಯಾಂಕಿನ ಗುಮಾಸ್ತರು ಬ್ಯಾಂಕಿಗೆ, ಮೇಷ್ಟರು ಶಾಲೆಗೆ, ಅಂಗಡಿಯವರು ಅಂಗಡಿಗೆ ಮರಳುತ್ತಾರೆ. ಆದರೆ ನೀವು ಇರುವುದು ಬ್ರಿಟನ್ನಿನಲ್ಲಿ, ನಿಮ್ಮ ಕೈಯಲ್ಲಿರುವುದು ಕರ್ನಾಟಕದ ಒಂದು ಪದವಿ, ಆ ಪದವಿಗೆ ಅಲ್ಲಿ ನೇರ ಮನ್ನಣೆಯಿಲ್ಲ ಎಂದಾದರೆ ಅದೇ ಮಾತು ಕೇಳಿ ಎದೆ ಧಸಕ್ಕೆನ್ನುತ್ತದೆ. ಕೆಲಸಕ್ಕೆ ಹೋಗಬಹುದು, ಸರಿ. ಯಾವ ಕೆಲಸಕ್ಕೆ?

ಇಂದು ಕರ್ನಾಟಕದ ಎಷ್ಟೋ ಮನೆಗಳಲ್ಲಿ ಮಗನೋ ಮಗಳೋ ಸೊಸೆಯೋ ಹೊರದೇಶದಲ್ಲಿದ್ದಾರೆ. ಅವರು ಅಲ್ಲಿ ಕಾಯಿಲೆ ಬಿದ್ದಾಗ ಚಿಕಿತ್ಸೆಯ ಬಗ್ಗೆ ನಾವು ವಿಚಾರಿಸುತ್ತೇವೆ. ಚಿಕಿತ್ಸೆ ಮುಗಿದ ಮೇಲಿನ ಕಷ್ಟ ನಮಗೆ ಕಾಣುವುದಿಲ್ಲ. ಈ ವಾರ ಆ ಕಷ್ಟದ ಬಗ್ಗೆ, ಬ್ರಿಟನ್ನನ್ನೇ ಉದಾಹರಣೆಯಾಗಿಟ್ಟುಕೊಂಡು, ಸ್ವಲ್ಪ ವಿವರವಾಗಿ ನೋಡೋಣ.

ಎರಡು ಬಾಗಿಲು, ಎರಡಕ್ಕೂ ಬೀಗ

ದಾವಣಗೆರೆಯಲ್ಲಿ ಬಿ.ಡಿ.ಎಸ್. ಓದಿದ ಮಹಿಳೆಯೊಬ್ಬರು ಗಂಡನ ಜೊತೆ ಬರ್ಮಿಂಗ್‌ಹ್ಯಾಮಿಗೆ ಹೋದರೆನ್ನಿ. ಅಲ್ಲಿ ಹಲ್ಲಿನ ವೈದ್ಯರಾಗಿ ಕೆಲಸ ಮಾಡಬೇಕಾದರೆ ಜನರಲ್ ಡೆಂಟಲ್ ಕೌನ್ಸಿಲ್‌ನಲ್ಲಿ ನೋಂದಣಿಯಾಗಬೇಕು. ಅದಕ್ಕೆ ಓ.ಆರ್.ಇ. ಎಂಬ ಎರಡು ಭಾಗಗಳ ಪರೀಕ್ಷೆಯಿದೆ. ಶುಲ್ಕ ದುಬಾರಿ, ಪರೀಕ್ಷೆಗೆ ಕೂರಲು ಸ್ಥಳ ಸಿಗುವುದೇ ಕಷ್ಟ. ಅಲ್ಲಿಯವರೆಗೆ ಸಂಸಾರ ನಡೆಯಲಿ ಎಂದು ಆಕೆ ವೃದ್ಧರ ಆರೈಕೆ ಮನೆಯೊಂದರಲ್ಲಿ ಕೆಲಸಕ್ಕೆ ಸೇರಿದರು. ಎರಡು ವರ್ಷದ ಮೇಲೆ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಶಸ್ತ್ರಚಿಕಿತ್ಸೆ, ಕಿಮೋಥೆರಪಿ, ವಿಕಿರಣ ಎಲ್ಲ ಮುಗಿಯುವ ಹೊತ್ತಿಗೆ ಹತ್ತಿರ ಹತ್ತಿರ ಒಂದು ವರ್ಷ. ಈಗ ಕಾಯಿಲೆ ಹತೋಟಿಯಲ್ಲಿದೆ. ಆದರೆ ಎಡತೋಳು ಭಾರವೆನಿಸುತ್ತದೆ, ಮಧ್ಯಾಹ್ನದ ಹೊತ್ತಿಗೆ ಮೈ ಸೋಲುತ್ತದೆ, ಔಷಧಿಯ ಪರಿಣಾಮದಿಂದ ಬೆರಳ ತುದಿಗಳು ಜೋಮು ಹಿಡಿದಂತಿವೆ.

ಆಕೆಯ ಎದುರು ಎರಡು ಬಾಗಿಲುಗಳಿವೆ. ಪ್ರಮಾಣಪತ್ರ ಕೇಳದ ಕೆಲಸಗಳು ಮೈಬಲ ಕೇಳುತ್ತವೆ: ಆರೈಕೆ ಮನೆ, ಗೋದಾಮು, ಹೋಟೆಲಿನ ಅಡುಗೆಮನೆ, ಸ್ವಚ್ಛತಾ ಕೆಲಸ. ಮೈಬಲ ಕೇಳದ ಕೆಲಸಗಳು, ಅಂದರೆ ಕುಳಿತು ಮಾಡುವ ಕೆಲಸಗಳು, ಪ್ರಮಾಣಪತ್ರ ಕೇಳುತ್ತವೆ. ಕಾಯಿಲೆ ಒಂದು ಬಾಗಿಲಿಗೆ ಬೀಗ ಹಾಕಿದೆ, ಕಾಗದ ಇನ್ನೊಂದಕ್ಕೆ.

ಈ ಇಕ್ಕಟ್ಟಿನಲ್ಲಿ ಸಿಕ್ಕವರು ಸಾಮಾನ್ಯವಾಗಿ ಎರಡು ತಪ್ಪು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಮೊದಲನೆಯದು, ಹಣದ ಚಿಂತೆಯಿಂದ ಹಳೆಯ ಭಾರದ ಕೆಲಸಕ್ಕೇ ಆತುರದಿಂದ ಮರಳಿ ಮತ್ತೆ ಹಾಸಿಗೆ ಹಿಡಿಯುವುದು. ಎರಡನೆಯದು, ‘ನನ್ನಿಂದ ಇನ್ನೇನೂ ಆಗದು’ ಎಂದು ಮನೆಯೊಳಗೇ ಕುಳಿತುಬಿಡುವುದು. ಇವೆರಡರ ನಡುವೆ ಇನ್ನೂ ಕೆಲವು ದಾರಿಗಳಿವೆ.

‘ವಾಸಿಯಾಯಿತು’ ಎಂದರೇನು?

ವೈದ್ಯರ ದೃಷ್ಟಿಯಲ್ಲಿ ಕಾಯಿಲೆ ವಾಸಿಯಾಗುವುದು ಬೇರೆ, ದುಡಿಯುವ ಶಕ್ತಿ ಮರಳುವುದು ಬೇರೆ. ರಕ್ತಪರೀಕ್ಷೆ, ಸ್ಕ್ಯಾನ್ ಸರಿಯಾಗಿರಬಹುದು. ಆದರೆ ತಿಂಗಳುಗಟ್ಟಲೆ ಮಲಗಿದ ದೇಹದಲ್ಲಿ ಸ್ನಾಯುಗಳು ಕರಗಿರುತ್ತವೆ. ಮುಖ್ಯವಾಗಿ ತೊಡೆ ಮತ್ತು ಬೆನ್ನಿನ ಸ್ನಾಯುಗಳು ಕೆಲವೇ ದಿನಗಳ ಪೂರ್ಣ ವಿಶ್ರಾಂತಿಯಲ್ಲಿ ಕ್ಷೀಣಿಸತೊಡಗುತ್ತವೆ. ಕಳೆದುಕೊಂಡದ್ದನ್ನು ಮರಳಿ ಪಡೆಯಲು, ಕಳೆದುಕೊಂಡಷ್ಟೇ ದಿನ ಸಾಲದು. ನೆನಪಿನ ಶಕ್ತಿ, ಏಕಾಗ್ರತೆ ಕೂಡ ಸ್ವಲ್ಪ ಕಾಲ ಮಂಕಾಗಿರುತ್ತವೆ.

ಉಳಿದಿರುವ ಸುಸ್ತನ್ನೆಲ್ಲ ಹಳೆಯ ಕಾಯಿಲೆಯ ಲೆಕ್ಕಕ್ಕೇ ಬರೆಯಬೇಡಿ. ನಮ್ಮವರಲ್ಲಿ ಸುಲಭವಾಗಿ ಸರಿಪಡಿಸಬಹುದಾದ ಕಾರಣಗಳು ಅನೇಕ ಸಲ ಅಡಗಿರುತ್ತವೆ. ಬ್ರಿಟನ್ನಿನ ಮಂಕು ಬಿಸಿಲಿನಲ್ಲಿ ಕಂದು ಚರ್ಮದವರಿಗೆ ‘ಡಿ’ ಜೀವಸತ್ವದ ಕೊರತೆ ಬರುವುದು ಸಾಮಾನ್ಯ. ಆದ್ದರಿಂದಲೇ ಅಲ್ಲಿಯ ಆರೋಗ್ಯ ಇಲಾಖೆ ಕಪ್ಪು, ಕಂದು ಚರ್ಮದವರು ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಯೂನಿಟ್ ‘ಡಿ’ ಜೀವಸತ್ವ ತೆಗೆದುಕೊಳ್ಳುವುದನ್ನು ಯೋಚಿಸಬೇಕೆಂದು ಹೇಳುತ್ತದೆ. ಶುದ್ಧ ಸಸ್ಯಾಹಾರಿಗಳಿಗೆ ಬಿ-12 ಕೊರತೆ, ಮಹಿಳೆಯರಿಗೆ ರಕ್ತಹೀನತೆ, ಥೈರಾಯ್ಡ್ ದೋಷ, ಪತ್ತೆಯಾಗದ ಸಕ್ಕರೆ ಕಾಯಿಲೆ, ಗೊರಕೆಯೊಡನೆ ಉಸಿರು ಕಟ್ಟುವ ನಿದ್ರಾದೋಷ, ಖಿನ್ನತೆ ಇವೆಲ್ಲವೂ ಸುಸ್ತು ತರುತ್ತವೆ. ಕೆಲಸ ಹುಡುಕುವ ಮೊದಲು ನಿಮ್ಮ ಕುಟುಂಬ ವೈದ್ಯರಲ್ಲಿ ಇವುಗಳ ತಪಾಸಣೆ ಮಾಡಿಸಿಕೊಳ್ಳಿ.

ದಣಿವಿನಲ್ಲಿ ಎರಡು ಬಗೆ

ಇದು ಈ ಲೇಖನದ ಅತ್ಯಂತ ಮುಖ್ಯ ಭಾಗ. ಎಲ್ಲ ದಣಿವೂ ಒಂದೇ ಅಲ್ಲ.

ಮೊದಲನೆಯ ಬಗೆ, ಶ್ರಮದಿಂದ ಕಡಿಮೆಯಾಗುವ ದಣಿವು. ಹೃದಯಾಘಾತದ ನಂತರ, ಕ್ಯಾನ್ಸರ್ ಚಿಕಿತ್ಸೆಯ ನಂತರ, ಬೆನ್ನುನೋವಿನಿಂದ ಬಹುಕಾಲ ಮಲಗಿದ ನಂತರ ಬರುವ ನಿಶ್ಶಕ್ತಿ ಹೆಚ್ಚಾಗಿ ಈ ಜಾತಿಯದು. ವೈದ್ಯರ ಸಲಹೆಯಂತೆ ದಿನದಿನವೂ ಸ್ವಲ್ಪ ಸ್ವಲ್ಪ ಹೆಚ್ಚು ನಡೆದರೆ, ಹಗುರ ವ್ಯಾಯಾಮ ಮಾಡಿದರೆ ಶಕ್ತಿ ಕೂಡಿಕೊಳ್ಳುತ್ತದೆ. ಇಂಥವರು ಭಯದಿಂದ ಮಲಗಿಯೇ ಇದ್ದರೆ ನಷ್ಟ.

ಎರಡನೆಯ ಬಗೆ, ಶ್ರಮದಿಂದ ಉಲ್ಬಣಿಸುವ ದಣಿವು. ಎಂ.ಇ. ಅಥವಾ ದೀರ್ಘಕಾಲಿಕ ದಣಿವಿನ ಕಾಯಿಲೆ ಎಂದು ಕರೆಯುವ ರೋಗದಲ್ಲಿ, ಹಾಗೂ ಕೋವಿಡ್ ಆದ ಮೇಲೆ ತಿಂಗಳುಗಟ್ಟಲೆ ನರಳುವ ಅನೇಕರಲ್ಲಿ ಇದು ಕಾಣುತ್ತದೆ. ಇಂದು ಹುಮ್ಮಸ್ಸಿನಿಂದ ಮನೆ ಗುಡಿಸಿ, ಪೇಟೆಗೆ ಹೋಗಿ ಬರುತ್ತೀರಿ. ಇಂದು ಏನೂ ಆಗುವುದಿಲ್ಲ. ನಾಳೆಯೋ ನಾಡಿದ್ದೋ ಮೈಯೆಲ್ಲ ಕುಸಿದು, ತಲೆ ಮಂಕಾಗಿ, ಹಾಸಿಗೆಯಿಂದ ಏಳಲಾರಿರಿ. ಇದು ಸೋಮಾರಿತನವಲ್ಲ, ಮನಸ್ಸಿನ ಭ್ರಮೆಯೂ ಅಲ್ಲ. ಹಿಂದೆ ಇಂಥ ರೋಗಿಗಳಿಗೂ ‘ದಿನಾ ಸ್ವಲ್ಪ ಜಾಸ್ತಿ ವ್ಯಾಯಾಮ ಮಾಡಿ’ ಎಂದು ಹೇಳುತ್ತಿದ್ದರು. ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, ಎಂ.ಇ. ರೋಗಿಗಳಿಗೆ ನಿಗದಿತ ಪ್ರಮಾಣದಲ್ಲಿ ಏರಿಸುತ್ತ ಹೋಗುವ ಅಂಥ ವ್ಯಾಯಾಮ ಚಿಕಿತ್ಸೆ ಕೊಡಬಾರದೆಂದು ಹೇಳಿತು. ಈಗ ಹೇಳುವುದು ಶಕ್ತಿಯ ಮಿತವ್ಯಯ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ನಮ್ಮ ಗಾದೆಯೇ ಇಲ್ಲಿ ಔಷಧಿ.

ನಿಮ್ಮದು ಯಾವ ಬಗೆ? ತಿಳಿಯಲು ಒಂದು ನೋಟುಬುಕ್ ಸಾಕು. ಮೂರು ವಾರ ಪ್ರತಿದಿನ ನಾಲ್ಕು ವಿಷಯ ಬರೆಯಿರಿ: ಎಷ್ಟು ಹೊತ್ತು ನಿದ್ದೆ, ಏನೇನು ಕೆಲಸ, ಸಂಜೆಗೆ ಹತ್ತರಲ್ಲಿ ಎಷ್ಟು ದಣಿವು, ಮರುದಿನ ಬೆಳಗ್ಗೆ ಹೇಗಿತ್ತು. ಹೆಚ್ಚು ದುಡಿದ ದಿನಕ್ಕೂ ಅದರ ಮರುದಿನ, ಮೂರನೆಯ ದಿನದ ಕುಸಿತಕ್ಕೂ ಸಂಬಂಧವಿದ್ದರೆ ಪುಟ ತಿರುವಿದಾಗ ತಾನಾಗಿ ಕಾಣುತ್ತದೆ. ಆ ಪುಸ್ತಕವನ್ನು ವೈದ್ಯರಿಗೆ ತೋರಿಸಿ. ‘ಸುಸ್ತು ಡಾಕ್ಟ್ರೇ’ ಎಂಬ ಮಾತಿಗಿಂತ ಅದಕ್ಕೆ ತೂಕ ಹೆಚ್ಚು.

ಮನೆಯಲ್ಲೇ ಒಂದು ಪರೀಕ್ಷೆ

ಕೆಲಸಕ್ಕೆ ಅರ್ಜಿ ಹಾಕುವ ಮೊದಲು ಆ ಕೆಲಸವನ್ನು ಮನೆಯಲ್ಲೇ ನಟಿಸಿ ನೋಡಿ. ಬೆಳಗ್ಗೆ ನಿಗದಿತ ಹೊತ್ತಿಗೆ ಎದ್ದು, ಸ್ನಾನ ಮುಗಿಸಿ, ಬಟ್ಟೆ ತೊಟ್ಟು, ಬಸ್ಸಿನಲ್ಲಿ ಸ್ಥಳೀಯ ಗ್ರಂಥಾಲಯಕ್ಕೆ ಹೋಗಿ. ಅಲ್ಲಿ ಎರಡು ಗಂಟೆ ಕುಳಿತು ಏನಾದರೂ ಓದಿ ಟಿಪ್ಪಣಿ ಮಾಡಿ. ಮನೆಗೆ ಬನ್ನಿ. ವಾರದಲ್ಲಿ ಎರಡು ದಿನದಿಂದ ಆರಂಭಿಸಿ. ಎರಡು ವಾರ ಸತತವಾಗಿ ಮರುದಿನದ ಕುಸಿತ ಇಲ್ಲದಿದ್ದರೆ ಮೂರು ದಿನ ಮಾಡಿ. ಶ್ರಮದಿಂದ ಉಲ್ಬಣಿಸುವ ದಣಿವಿನವರು ವೈದ್ಯರನ್ನು ಕೇಳದೆ ಇದನ್ನು ಏರಿಸಬಾರದು.

ಈ ಪರೀಕ್ಷೆಯಲ್ಲಿ ಅನೇಕರು ಕಂಡುಕೊಳ್ಳುವುದು ಏನೆಂದರೆ, ಕೆಲಸಕ್ಕಿಂತ ಪ್ರಯಾಣವೇ ಹೆಚ್ಚು ದಣಿಸುತ್ತದೆ. ಹಾಗಿದ್ದರೆ ನಿಮಗೆ ಬೇಕಾದದ್ದು ಹಗುರ ಕೆಲಸವಷ್ಟೇ ಅಲ್ಲ, ಹತ್ತಿರದ ಕೆಲಸ ಅಥವಾ ಮನೆಯಿಂದ ಮಾಡುವ ಕೆಲಸ. ಇದು ಸಂಬಳಕ್ಕಿಂತ ಮುಖ್ಯವಾದ ಮಾಹಿತಿ.

ಯಾವ ಕಾಯಿಲೆಗೆ ಯಾವ ಎಚ್ಚರ?

ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾದವರು ರೋಗಿಗಳನ್ನು ಎತ್ತಿ ಇಳಿಸುವ ಆರೈಕೆಯ ಕೆಲಸ, ಗೋದಾಮಿನ ಕೆಲಸ ಹಿಡಿಯುವ ಮೊದಲು ಶಸ್ತ್ರಚಿಕಿತ್ಸಕರ ಲಿಖಿತ ಅಭಿಪ್ರಾಯ ಪಡೆಯಿರಿ. ಹಾಗೆಂದು ಇಡೀ ದಿನ ಕುರ್ಚಿಯಲ್ಲಿ ಕೂರುವುದೂ ಬೆನ್ನಿಗೆ ಹಿತವಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು.

ಸ್ತನ ಕ್ಯಾನ್ಸರಿಗಾಗಿ ಕಂಕುಳಿನ ಗಂಟುಗಳನ್ನು ತೆಗೆಸಿಕೊಂಡವರಿಗೆ ತೋಳು ಬಾವು ಬರುವ ಸಂಭವವಿದೆ. ಆ ತೋಳಿನಿಂದ ಜೀವನಪೂರ್ತಿ ಏನನ್ನೂ ಎತ್ತಬಾರದು ಎಂಬ ಹಳೆಯ ಸಲಹೆ ಈಗಿಲ್ಲ. ಫಿಸಿಯೋಥೆರಪಿಸ್ಟರ ಮಾರ್ಗದರ್ಶನದಲ್ಲಿ ಕ್ರಮೇಣ ಬಲ ಕೂಡಿಸಿಕೊಳ್ಳಬಹುದು. ಒಮ್ಮೆಲೇ ಭಾರ ಹೊರುವುದು ಮಾತ್ರ ಬೇಡ.

ಮೂತ್ರಪಿಂಡ ಕಸಿಯಾದವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಸೇವಿಸುವವರು ಶಿಶುವಿಹಾರ, ಆಸ್ಪತ್ರೆ ವಾರ್ಡುಗಳಂಥ ಸೋಂಕು ಹೆಚ್ಚಿರುವ ಕಡೆ ಸೇರುವ ಮೊದಲು ತಮ್ಮ ತಜ್ಞರನ್ನು ಕೇಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಹೊತ್ತು ನಿಶ್ಚಯವಿಲ್ಲದ ರಾತ್ರಿಪಾಳಿಯ ಬಗ್ಗೆ ಯೋಚಿಸಿ ಒಪ್ಪಬೇಕು.

ನಮ್ಮ ಎಷ್ಟೋ ಗಂಡಸರು ಬೇರೇನೂ ಸಿಗದಿದ್ದರೆ ವಾಹನ ಓಡಿಸುವ ಕೆಲಸಕ್ಕೆ ಇಳಿಯುತ್ತಾರೆ. ಮೂರ್ಛೆರೋಗವಿದ್ದವರು ಅದನ್ನು ಅಲ್ಲಿಯ ಚಾಲನಾ ಪರವಾನಗಿ ಇಲಾಖೆಗೆ ತಿಳಿಸುವುದು ಕಡ್ಡಾಯ. ಎಚ್ಚರವಿದ್ದಾಗ ಪ್ರಜ್ಞೆ ತಪ್ಪಿಸುವ ಮೂರ್ಛೆ ಬಂದವರು ಕಾರು ಓಡಿಸಲು ಸಾಮಾನ್ಯವಾಗಿ 12 ತಿಂಗಳು ಮೂರ್ಛೆಯಿಲ್ಲದೆ ಕಳೆದಿರಬೇಕು. ಬಸ್ಸು, ಲಾರಿಗಾದರೆ ಔಷಧಿಯೂ ಇಲ್ಲದೆ 10 ವರ್ಷ. ಮುಚ್ಚಿಟ್ಟರೆ ನಿಮ್ಮ ಜೀವಕ್ಕೂ ಬೇರೆಯವರ ಜೀವಕ್ಕೂ ಅಪಾಯ.

ಬೆರಳು ಜೋಮು ಹಿಡಿದ ನಮ್ಮ ದಂತವೈದ್ಯೆಗೆ ಏನು ಹೇಳಬೇಕು? ಕಿಮೋಥೆರಪಿಯಿಂದ ಬಂದ ಜೋಮು ಅನೇಕರಲ್ಲಿ ತಿಂಗಳುಗಳ ಮೇಲೆ ಇಳಿಯುತ್ತದೆ, ಕೆಲವರಲ್ಲಿ ಉಳಿದುಬಿಡುತ್ತದೆ. ಆದ್ದರಿಂದ ವೃತ್ತಿಯನ್ನೇ ಬಿಡುವ ತೀರ್ಮಾನವನ್ನಾಗಲಿ, ದುಬಾರಿ ಪರೀಕ್ಷೆಗೆ ಹಣ ಕಟ್ಟುವ ತೀರ್ಮಾನವನ್ನಾಗಲಿ ಚಿಕಿತ್ಸೆ ಮುಗಿದ ಮೊದಲ ತಿಂಗಳುಗಳಲ್ಲಿ ಮಾಡಬೇಡಿ. ಬೆರಳು ಏನು ಹೇಳುತ್ತದೆಂದು ಕಾದು ನೋಡಿ. ಆ ಅವಧಿಯನ್ನು ವ್ಯರ್ಥ ಮಾಡಬೇಕಾಗಿಲ್ಲ. ಹೇಗೆಂದು ಮುಂದೆ ನೋಡೋಣ.

ಕಾಗದಪತ್ರದ ಕೆಲಸ

ಬ್ರಿಟನ್ನಿನಲ್ಲಿ ವೃತ್ತಿಗಳು ಎರಡು ತರಹ. ಕೆಲವು ಕಾನೂನಿನಿಂದ ನಿಯಂತ್ರಿತ. ವೈದ್ಯರಿಗೆ ಜನರಲ್ ಮೆಡಿಕಲ್ ಕೌನ್ಸಿಲ್, ದಾದಿಯರಿಗೆ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್, ಔಷಧಿತಜ್ಞರಿಗೆ ಜನರಲ್ ಫಾರ್ಮಾಸ್ಯೂಟಿಕಲ್ ಕೌನ್ಸಿಲ್, ಫಿಸಿಯೋಥೆರಪಿಸ್ಟರಿಗೆ ಎಚ್.ಸಿ.ಪಿ.ಸಿ. ಇವುಗಳಲ್ಲಿ ನೋಂದಣಿಯಿಲ್ಲದೆ ಆ ಹೆಸರಿನ ಕೆಲಸ ಮಾಡುವಂತಿಲ್ಲ. ದಾದಿಯರು ಇಂಗ್ಲಿಷ್ ಭಾಷಾ ಅರ್ಹತೆಯ ಜೊತೆ ಕಂಪ್ಯೂಟರ್ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆ ಎರಡನ್ನೂ ಪಾಸಾಗಬೇಕು. ಪ್ರಾಯೋಗಿಕ ಪರೀಕ್ಷೆಯಲ್ಲಿ ನಿಂತು, ಬಗ್ಗಿ ಮಾಡುವುದಿರುತ್ತದೆ. ಮೈ ಸಿದ್ಧವಿಲ್ಲದೆ ದಿನಾಂಕ ಗೊತ್ತುಮಾಡಿಕೊಳ್ಳಬೇಡಿ.

ಎರಡನೆಯ ತರಹ, ನಿಯಂತ್ರಣವಿಲ್ಲದ ಕೆಲಸಗಳು. ಕಚೇರಿ ಆಡಳಿತ, ಲೆಕ್ಕಪತ್ರ ಸಹಾಯಕರು, ಕಂಪ್ಯೂಟರ್ ಕ್ಷೇತ್ರದ ಬಹುಪಾಲು ಕೆಲಸಗಳು ಇದರಲ್ಲಿ ಸೇರುತ್ತವೆ. ಇಲ್ಲಿ ನಿಮ್ಮ ಪದವಿಗೆ ಬೆಲೆ ಕೊಡುವುದು ಬಿಡುವುದು ಕೆಲಸ ಕೊಡುವವರ ಇಷ್ಟ. ಅವರಿಗೆ ಕುವೆಂಪು ವಿಶ್ವವಿದ್ಯಾನಿಲಯವಾಗಲಿ ಮೈಸೂರು ವಿಶ್ವವಿದ್ಯಾನಿಲಯವಾಗಲಿ ಗೊತ್ತಿರುವುದಿಲ್ಲ. ಅದಕ್ಕಾಗಿ ಯು.ಕೆ. ಎನಿಕ್ ಎಂಬ ಸಂಸ್ಥೆಯಿದೆ. 2021ಕ್ಕೆ ಮೊದಲು ಇದರ ಹೆಸರು ಯು.ಕೆ. ನಾರಿಕ್. ಶುಲ್ಕ ಕಟ್ಟಿ ಅಂಕಪಟ್ಟಿ ಕಳಿಸಿದರೆ, ನಿಮ್ಮ ಓದು ಬ್ರಿಟನ್ನಿನ ಯಾವ ಮಟ್ಟಕ್ಕೆ ಸಮ ಎಂದು ಹೋಲಿಕೆ ಪತ್ರ ಕೊಡುತ್ತದೆ. ಇದು ವೃತ್ತಿ ಪರವಾನಗಿ ಅಲ್ಲ, ಆದರೆ ಅರ್ಜಿಯ ಜೊತೆ ಇಟ್ಟರೆ ಉಪಯೋಗಕ್ಕೆ ಬರುತ್ತದೆ.

ಚೇತರಿಕೆಯ ತಿಂಗಳುಗಳಲ್ಲಿ ಮಾಡಲು ಇದಕ್ಕಿಂತ ತಕ್ಕ ಕೆಲಸವಿಲ್ಲ. ದಿನಕ್ಕೆ ಅರ್ಧ ಗಂಟೆ ಸಾಕು. ಒಂದು ದಿನ ಅಂಕಪಟ್ಟಿಗಳನ್ನು ಜೋಡಿಸಿ. ಇನ್ನೊಂದು ದಿನ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೋ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೋ ಟ್ರಾನ್ಸ್‌ಕ್ರಿಪ್ಟ್ ಕೋರಿ ಬರೆಯಿರಿ. ಹಿಂದೆ ಕೆಲಸ ಮಾಡಿದ ಕಡೆಯಿಂದ ಅನುಭವ ಪತ್ರ ತರಿಸಿ. ಹೆಸರಿನ ಅಕ್ಷರ, ಇನಿಷಿಯಲ್, ಮದುವೆಯ ಮುಂಚಿನ ಹೆಸರು ಪಾಸ್‌ಪೋರ್ಟಿಗೆ ಹೊಂದಿಕೆಯಾಗದಿದ್ದರೆ ಈಗಲೇ ಸರಿಪಡಿಸಿಕೊಳ್ಳಿ. ನಮ್ಮವರ ಅರ್ಜಿಗಳು ತಡೆಹಿಡಿಯಲ್ಪಡುವುದು ಬಹಳ ಸಲ ಇಂಥ ಸಣ್ಣ ವಿಷಯಕ್ಕೆ.

ಪಕ್ಕದ ಬಾಗಿಲು

ಹಳೆಯ ವೃತ್ತಿ ಸಾಧ್ಯವಿಲ್ಲ ಎಂದರೆ ಕಲಿತ ವಿದ್ಯೆಯೆಲ್ಲ ನೀರುಪಾಲಾಯಿತು ಎಂದಲ್ಲ. ನಿಮ್ಮ ವಿದ್ಯೆಗೆ ಹತ್ತಿರದ, ಮೈಗೆ ಹಗುರದ, ಪೂರ್ಣ ನೋಂದಣಿ ಕೇಳದ ಕೆಲಸ ಯಾವುದೆಂದು ಹುಡುಕಿ.

ವೈದ್ಯಕೀಯ ಜ್ಞಾನವಿದ್ದವರಿಗೆ ಆಸ್ಪತ್ರೆಗಳಲ್ಲಿ ಕ್ಲಿನಿಕಲ್ ಕೋಡಿಂಗ್ ಎಂಬ ಕೆಲಸವಿದೆ. ರೋಗಿಯ ಕಡತ ಓದಿ ಕಾಯಿಲೆ, ಚಿಕಿತ್ಸೆಗಳಿಗೆ ನಿಗದಿತ ಸಂಕೇತ ಕೊಡುವುದು. ಕುಳಿತು ಮಾಡುವ ಕೆಲಸ, ತರಬೇತಿಯನ್ನು ಅವರೇ ಕೊಟ್ಟು ಸೇರಿಸಿಕೊಳ್ಳುವುದುಂಟು. ಕುಟುಂಬ ವೈದ್ಯರ ಚಿಕಿತ್ಸಾಲಯದ ಸ್ವಾಗತಕಾರರು, ವೈದ್ಯರ ಪತ್ರಗಳನ್ನು ಸಿದ್ಧಪಡಿಸುವ ಮೆಡಿಕಲ್ ಸೆಕ್ರೆಟರಿ, 111 ದೂರವಾಣಿ ಸೇವೆಯಲ್ಲಿ ಕರೆ ಸ್ವೀಕರಿಸುವವರು ಇವೆಲ್ಲವೂ ಇದೇ ಸಾಲಿನವು. 111ರಲ್ಲಿ ರಾತ್ರಿ, ವಾರಾಂತ್ಯದ ಪಾಳಿಗಳಿರುತ್ತವೆ ಎಂಬುದು ನೆನಪಿರಲಿ. ದಂತವೈದ್ಯರಿಗೆ ಒಂದು ಸೂಚನೆ: ವಿದೇಶದ ದಂತವೈದ್ಯ ಪದವಿಯನ್ನೇ ತೋರಿಸಿ ಹೈಜೀನಿಸ್ಟ್, ಥೆರಪಿಸ್ಟ್ ಎಂದು ನೋಂದಾಯಿಸಿಕೊಳ್ಳುವ ದಾರಿ 2023ರ ಮಾರ್ಚ್‌ನಲ್ಲಿ ಮುಚ್ಚಿತು. ಪರಿಚಿತರು ಆ ದಾರಿಯಲ್ಲಿ ಹೋಗಿದ್ದನ್ನು ಕೇಳಿ ಹಣ ಕಟ್ಟಬೇಡಿ.

ವಾಣಿಜ್ಯ ಓದಿದವರಿಗೆ, ಅಥವಾ ಲೆಕ್ಕದಲ್ಲಿ ಆಸಕ್ತಿ ಇರುವ ಯಾರಿಗಾದರೂ, ಎ.ಎ.ಟಿ. ಎಂಬ ಲೆಕ್ಕಪತ್ರದ ಅರ್ಹತೆಯನ್ನು ಹಂತಹಂತವಾಗಿ ಮನೆಯಲ್ಲೇ ಕುಳಿತು ಓದಬಹುದು. ಸಣ್ಣ ಅಂಗಡಿಗಳ ಲೆಕ್ಕ ಬರೆಯುವ ಕೆಲಸಕ್ಕೆ ಇದು ಒಳ್ಳೆಯ ಮೆಟ್ಟಿಲು. ಎಂಜಿನಿಯರುಗಳು ಕಂಪ್ಯೂಟರಿನಲ್ಲಿ ನಕ್ಷೆ ತಯಾರಿಸುವ ಕೆಲಸ, ತಂತ್ರಾಂಶ ಪರೀಕ್ಷಿಸುವ ಕೆಲಸ ನೋಡಬಹುದು. ಅಧ್ಯಾಪಕರಾಗಿದ್ದವರು ಮನೆಪಾಠ ಹೇಳಬಹುದು. ಕನ್ನಡದ ಜೊತೆ ಹಿಂದಿ, ಉರ್ದು, ತಮಿಳು, ತೆಲುಗು ಬಲ್ಲವರು ಆಸ್ಪತ್ರೆ, ಕಚೇರಿಗಳಲ್ಲಿ ಭಾಷಾಂತರಕಾರರಾಗಲು ತರಬೇತಿ ಪಡೆಯಬಹುದು. ಬರೀ ಕನ್ನಡವನ್ನೇ ನಂಬಿದರೆ ಕರೆಗಳು ಕಡಿಮೆ.

ಮತ್ತೆ ಓದುವ ಮನಸ್ಸಿದ್ದರೆ 1969ರಲ್ಲಿ ಸ್ಥಾಪನೆಯಾದ ಮುಕ್ತ ವಿಶ್ವವಿದ್ಯಾಲಯ ಅಲ್ಲಿದೆ. ಅಂಚೆ, ಕಂಪ್ಯೂಟರ್ ಮೂಲಕ ವರ್ಷಕ್ಕೆ ಒಂದು ವಿಷಯದಂತೆ ನಿಧಾನವಾಗಿ ಓದಬಹುದು. ಕಾಯಿಲೆಯವರಿಗೆ ಈ ನಿಧಾನವೇ ವರ. ಆದರೆ ಶುಲ್ಕ ಮತ್ತು ಸಾಲಸೌಲಭ್ಯ ನಿಮ್ಮ ವೀಸಾ ಹಾಗೂ ಅಲ್ಲಿ ನೆಲೆಸಿದ ವರ್ಷಗಳ ಮೇಲೆ ನಿಂತಿರುತ್ತದೆ. ಮೊದಲೇ ಕೇಳಿ ತಿಳಿದುಕೊಳ್ಳಿ.

ಕಾನೂನು ಏನು ಕೊಡುತ್ತದೆ?

ಹಳೆಯ ಕೆಲಸ ಇನ್ನೂ ನಿಮ್ಮ ಹೆಸರಿನಲ್ಲಿದ್ದರೆ ಅವಸರದಲ್ಲಿ ರಾಜೀನಾಮೆ ಕೊಡಬೇಡಿ. ಅರ್ಹರಿಗೆ ಶಾಸನಬದ್ಧ ಕಾಯಿಲೆ ವೇತನ ಗರಿಷ್ಠ 28 ವಾರ ಸಿಗುತ್ತದೆ. ಏಳು ದಿನ ಮೀರಿದ ರಜೆಗೆ ವೈದ್ಯರ ‘ಫಿಟ್ ನೋಟ್’ ಬೇಕು. 2010ರಿಂದ ಬಂದಿರುವ ಈ ಪತ್ರದಲ್ಲಿ ‘ಕೆಲಸಕ್ಕೆ ಅಯೋಗ್ಯ’ ಎಂಬುದಷ್ಟೇ ಅಲ್ಲ, ‘ಈ ಬದಲಾವಣೆ ಮಾಡಿದರೆ ಕೆಲಸ ಮಾಡಬಹುದು’ ಎಂದೂ ಬರೆಯಲು ಅವಕಾಶವಿದೆ. ಹಂತಹಂತವಾಗಿ ಮರಳುವುದು, ವೇಳೆ ಬದಲಾವಣೆ, ಕೆಲಸದ ಸ್ವರೂಪ ಬದಲಾವಣೆ, ಜಾಗದಲ್ಲಿ ಅನುಕೂಲ ಎಂಬ ನಾಲ್ಕು ಸಲಹೆಗಳು ಅದರಲ್ಲೇ ಅಚ್ಚಾಗಿವೆ. ಹೆಚ್ಚಿನವರು ಇದನ್ನು ಕೇಳಿ ಬರೆಸಿಕೊಳ್ಳುವುದಿಲ್ಲ. ನೀವು ಕೇಳಿ.

2010ರ ಸಮಾನತಾ ಕಾಯ್ದೆ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡುಗಳಲ್ಲಿ ಜಾರಿಯಲ್ಲಿದೆ. ದಿನನಿತ್ಯದ ಚಟುವಟಿಕೆಗೆ ಗಣನೀಯ ಅಡ್ಡಿಯಾಗುವ, 12 ತಿಂಗಳು ಇದ್ದ ಅಥವಾ ಇರಬಹುದಾದ ಕಾಯಿಲೆ ಅದರ ಪ್ರಕಾರ ಅಂಗವೈಕಲ್ಯ. ಕ್ಯಾನ್ಸರ್, ಎಚ್.ಐ.ವಿ., ಮಲ್ಟಿಪಲ್ ಸ್ಕ್ಲಿರೋಸಿಸ್ ಪತ್ತೆಯಾದ ದಿನದಿಂದಲೇ ಅದರ ವ್ಯಾಪ್ತಿಗೆ ಬರುತ್ತವೆ. ಆಗ ಕೆಲಸ ಕೊಟ್ಟವರು ನಿಮಗೆ ಸೂಕ್ತ ಅನುಕೂಲ ಮಾಡಿಕೊಡಬೇಕಾದದ್ದು ಕರ್ತವ್ಯ, ದಯೆಯಲ್ಲ. ‘ಅಂಗವೈಕಲ್ಯ’ ಎಂಬ ಪದಕ್ಕೆ ನಮ್ಮವರು ಮುಜುಗರಪಟ್ಟುಕೊಂಡು ಈ ರಕ್ಷಣೆಯನ್ನೇ ಕಳೆದುಕೊಳ್ಳುತ್ತಾರೆ. ಅದು ಕಾನೂನಿನ ಪದ, ನಿಮ್ಮ ಹಣೆಬರಹವಲ್ಲ.

ಹೊಸ ಕೆಲಸದ ಸಂದರ್ಶನದಲ್ಲಿ ಕಾಯಿಲೆಯ ವಿಷಯ ಹೇಳಬೇಕೆ? ಕೆಲಸ ಕೊಡುತ್ತೇವೆ ಎಂದು ಹೇಳುವ ಮೊದಲು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಆರೋಗ್ಯದ ಬಗ್ಗೆ ಪ್ರಶ್ನೆ ಕೇಳುವಂತಿಲ್ಲ. ಕೊಡುತ್ತೇವೆ ಎಂದ ಮೇಲೆ ಕೇಳಬಹುದು. ಆಗ ಸುಳ್ಳು ಹೇಳಬೇಡಿ. ಕಾಯಿಲೆಯ ಕಥೆಯೆಲ್ಲ ಬೇಕಾಗಿಲ್ಲ. ‘ಇಂಥ ಚಿಕಿತ್ಸೆಯಾಗಿದೆ, ಇಂಥ ಅನುಕೂಲ ಬೇಕು, ಅದಿದ್ದರೆ ಈ ಕೆಲಸ ಚೆನ್ನಾಗಿ ಮಾಡಬಲ್ಲೆ’ ಎಂಬ ಮೂರು ವಾಕ್ಯ ಸಾಕು. ವಿಶೇಷ ಕುರ್ಚಿ, ಪ್ರಯಾಣದ ನೆರವು ಮುಂತಾದವಕ್ಕೆ ‘ಆಕ್ಸೆಸ್ ಟು ವರ್ಕ್’ ಎಂಬ ಸರ್ಕಾರಿ ಯೋಜನೆಯಿದೆ.

ವೀಸಾ ಎಂಬ ಗಂಟು

ಸ್ಕಿಲ್ಡ್ ವರ್ಕರ್ ವೀಸಾದಲ್ಲಿರುವವರ ಪರವಾನಗಿ ಒಂದು ಕೆಲಸಕ್ಕೆ, ಒಬ್ಬ ಧಣಿಗೆ ಕಟ್ಟುಬಿದ್ದಿರುತ್ತದೆ. ಬೇರೆ ಬಗೆಯ ಕೆಲಸಕ್ಕೆ ಹೋಗಲು ಹೊಸ ಅರ್ಜಿ ಹಾಕಬೇಕು. ಕೆಲಸ ತಪ್ಪಿದರೆ ಬೇರೆ ಪ್ರಾಯೋಜಕರನ್ನು ಹುಡುಕಲು ಸಾಮಾನ್ಯವಾಗಿ ಸಿಗುವುದು 60 ದಿನ. ಆದ್ದರಿಂದ ಕಾಯಿಲೆಯಲ್ಲಿ ಕೆಲಸ ಬಿಡುವ ಮಾತು ಬಂದರೆ ಮೊದಲು ಸಲಹೆ, ನಂತರ ಸಹಿ. ಅವರ ಗಂಡ ಅಥವಾ ಹೆಂಡತಿಯಾಗಿ ಅವಲಂಬಿತ ವೀಸಾದಲ್ಲಿರುವವರಿಗೆ ಈ ಕಟ್ಟು ಇಲ್ಲ. ಅವರು ಬಹುತೇಕ ಯಾವ ಕೆಲಸವನ್ನಾದರೂ ಮಾಡಬಹುದು. ಒಬ್ಬರು ಕಾಯಿಲೆ ಬಿದ್ದ ಮನೆಯಲ್ಲಿ ಯಾರು ಯಾವ ವೀಸಾದಲ್ಲಿರಬೇಕು ಎಂಬುದನ್ನೂ ಗಂಡಹೆಂಡತಿ ಕುಳಿತು ಮಾತಾಡಬೇಕಾಗುತ್ತದೆ.

ಬಹುಪಾಲು ವೀಸಾಗಳಲ್ಲಿ ಸರ್ಕಾರಿ ನೆರವುಧನ ಪಡೆಯುವಂತಿಲ್ಲ. ಯೂನಿವರ್ಸಲ್ ಕ್ರೆಡಿಟ್ ಅಂಥದ್ದು. ಆದರೆ ಕಾಯಿಲೆ ವೇತನವೂ, ರಾಷ್ಟ್ರೀಯ ವಿಮೆಯ ಕಂತು ಕಟ್ಟಿದ ಆಧಾರದ ಮೇಲೆ ಸಿಗುವ ನ್ಯೂ ಸ್ಟೈಲ್ ಇ.ಎಸ್.ಎ. ಎಂಬ ಭತ್ಯೆಯೂ ಆ ನಿಷೇಧದ ಪಟ್ಟಿಯಲ್ಲಿಲ್ಲ. ವೀಸಾ ನಿಯಮಗಳು ಮತ್ತೆ ಮತ್ತೆ ಬದಲಾಗುತ್ತವೆ. ದೇವಸ್ಥಾನದಲ್ಲಿ, ಹುಟ್ಟುಹಬ್ಬದ ಊಟದಲ್ಲಿ ಸಿಕ್ಕವರ ಮಾತನ್ನು ನಂಬಿ ನಡೆಯಬೇಡಿ. ವಕೀಲರಲ್ಲದವರು ವಲಸೆ ಸಲಹೆ ಕೊಡಲು 2025ರ ಜನವರಿಯಿಂದ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿ ಎಂದು ಹೆಸರಾದ ಸಂಸ್ಥೆಯಲ್ಲಿ ನೋಂದಣಿಯಾಗಿರಬೇಕು. ಆ ನೋಂದಣಿ ಕೇಳಿ ನೋಡಿ.

ಮನಸ್ಸಿನ ಮಾತು

‘ಉದ್ಯೋಗಂ ಪುರುಷ ಲಕ್ಷಣಂ’ ಎಂಬ ಮಾತನ್ನು ಕೇಳಿ ಬೆಳೆದವರು ನಾವು. ಊರಿನಲ್ಲಿ ಡಾಕ್ಟರು, ಲೆಕ್ಚರರು ಎನಿಸಿಕೊಂಡವರು ಅಲ್ಲಿ ಚಿಕಿತ್ಸಾಲಯದ ಸ್ವಾಗತದ ಮೇಜಿನ ಹಿಂದೆ ಕೂರಬೇಕಾದಾಗ ಒಳಗೆ ಏನೋ ಮುರಿಯುತ್ತದೆ. ಕಾಯಿಲೆ ಮೈಯನ್ನು ಕಸಿದುಕೊಂಡಿತು, ದೇಶ ಹೆಸರನ್ನು ಕಸಿದುಕೊಂಡಿತು ಎನಿಸುತ್ತದೆ. ಈ ದುಃಖ ಸಹಜ. ಅದನ್ನು ಒಪ್ಪಿಕೊಳ್ಳಿ, ಅವಮಾನವೆಂದು ಮುಚ್ಚಿಡಬೇಡಿ. ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದವರ ನಾಡಿನಿಂದ ಹೋದವರು ನಾವು ಎಂಬುದನ್ನು ಆ ಕಡೆ ಹೋದಾಗ ನೆನೆಯಬಹುದು.

ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿಯಿಲ್ಲ, ನಸುಕಿನಲ್ಲೇ ಎಚ್ಚರವಾಗುತ್ತದೆ, ಊಟ ಸೇರದು, ಬದುಕು ಬೇಡವೆನಿಸುತ್ತದೆ ಎಂದಾದರೆ ಅದು ಖಿನ್ನತೆಯಿರಬಹುದು. ಇಂಗ್ಲೆಂಡಿನಲ್ಲಿ ಎನ್.ಎಚ್.ಎಸ್. ಟಾಕಿಂಗ್ ಥೆರಪೀಸ್ ಎಂಬ ಆಪ್ತಸಲಹೆ ಸೇವೆಗೆ ವೈದ್ಯರ ಚೀಟಿಯಿಲ್ಲದೆ ನೀವೇ ಹೆಸರು ಕೊಡಬಹುದು. ಸಾಯುವ ಯೋಚನೆ ಬಂದರೆ ಒಂದು ನಿಮಿಷವೂ ಕಾಯಬೇಡಿ. 116 123ಕ್ಕೆ ಕರೆ ಮಾಡಿದರೆ ಸಮಾರಿಟನ್ಸ್ ಸಂಸ್ಥೆಯವರು ಹಗಲು ರಾತ್ರಿಯೆನ್ನದೆ, ಉಚಿತವಾಗಿ, ನಿಮ್ಮ ಮಾತು ಕೇಳುತ್ತಾರೆ. ಜೀವಕ್ಕೆ ಅಪಾಯವೆನಿಸಿದರೆ 999.

ಊರಿನಲ್ಲಿರುವವರಿಗೆ

ಈ ಲೇಖನವನ್ನು ಓದುತ್ತಿರುವ ನೀವು ಆ ಮಗನ, ಮಗಳ ತಂದೆತಾಯಿಯಾಗಿದ್ದರೆ ನಿಮ್ಮಲ್ಲಿ ಒಂದು ವಿನಂತಿ. ಪ್ರತಿ ಭಾನುವಾರದ ಫೋನಿನಲ್ಲಿ ‘ಕೆಲಸ ಸಿಕ್ಕಿತೇನಪ್ಪ?’ ಎಂದು ಕೇಳಬೇಡಿ. ‘ಈ ವಾರ ಎಷ್ಟು ನಡೆದೆ? ನಿದ್ದೆ ಬಂತಾ?’ ಎಂದು ಕೇಳಿ. ಕಾಲೇಜಿಗೆ ಹೋಗಿ ಟ್ರಾನ್ಸ್‌ಕ್ರಿಪ್ಟ್ ತರುವ ಅಲೆದಾಟವನ್ನು ನೀವು ವಹಿಸಿಕೊಂಡರೆ ಅದೇ ದೊಡ್ಡ ಔಷಧಿ. ನೆಂಟರಿಷ್ಟರ ಪ್ರಶ್ನೆಗಳಿಗೆ ನೀವೇ ಉತ್ತರ ಕೊಟ್ಟು ಅವರನ್ನು ಕಾಪಾಡಿ.

ಅವರು ಊರಿಗೇ ಮರಳುತ್ತೇವೆ ಎಂದರೆ ಅದು ಸೋಲಲ್ಲ. ಇಲ್ಲಿ ಅವರ ಪದವಿಗೆ ಬೆಲೆಯಿದೆ, ಮನೆಯವರ ಆಸರೆಯಿದೆ. ಆದರೆ ಚಿಕಿತ್ಸೆ ಅಲ್ಲಿ ನಡೆಯುತ್ತಿದ್ದರೆ, ಇಲ್ಲಿ ಅದನ್ನು ಮುಂದುವರಿಸುವ ವೈದ್ಯರು ಯಾರು, ಔಷಧಿಯ ಖರ್ಚೆಷ್ಟು, ಹಳೆಯ ಕಾಯಿಲೆಗೆ ಇಲ್ಲಿಯ ವಿಮೆ ಸಿಗುತ್ತದೆಯೇ ಎಂಬುದನ್ನು ಗೊತ್ತುಮಾಡಿಕೊಂಡೇ ಟಿಕೆಟ್ ತೆಗೆಸಬೇಕು. ಚಿಕಿತ್ಸೆಯ ದಾಖಲೆಗಳ ಪ್ರತಿ ತೆಗೆದುಕೊಳ್ಳದೆ ಹೊರಡಬಾರದು.

ನೆನಪಿಡಿ

* ಕೆಲಸ ಹುಡುಕುವ ಮೊದಲು ಸುಸ್ತಿನ ಕಾರಣ ಹುಡುಕಿ. ರಕ್ತಹೀನತೆ, ಥೈರಾಯ್ಡ್, ಬಿ-12, ‘ಡಿ’ ಜೀವಸತ್ವ ಪರೀಕ್ಷಿಸಿಕೊಳ್ಳಿ.

* ಮೂರು ವಾರ ದಿನಚರಿ ಬರೆದು, ಶ್ರಮದಿಂದ ದಣಿವು ಇಳಿಯುತ್ತದೋ ಏರುತ್ತದೋ ತಿಳಿದುಕೊಳ್ಳಿ.

* ಇರುವ ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲು ಫಿಟ್ ನೋಟಿನಲ್ಲಿ ಬದಲಾವಣೆಗಳನ್ನು ಬರೆಸಿ.

* ಕಾಗದಪತ್ರಗಳನ್ನು ಚೇತರಿಕೆಯ ಕಾಲದಲ್ಲೇ, ದಿನಕ್ಕೆ ಅರ್ಧ ಗಂಟೆಯಂತೆ, ಒಟ್ಟುಮಾಡಿ.

* ವೃತ್ತಿ ಬಿಡುವ ತೀರ್ಮಾನವನ್ನು ಮೈ ಒಂದು ಹದಕ್ಕೆ ಬರುವವರೆಗೆ ಮುಂದೂಡಿ.

* ಹೊಸ ಕೆಲಸವನ್ನು ವಾರಕ್ಕೆ ಎರಡು ಅಥವಾ ಮೂರು ದಿನದಿಂದ ಆರಂಭಿಸಲು ಕೇಳಿಕೊಳ್ಳಿ. ಮೊದಲ ಮೂರು ತಿಂಗಳು ಸಂಬಳಕ್ಕಿಂತ, ಮರುದಿನ ಬೆಳಗ್ಗೆ ಏಳಲು ಸಾಧ್ಯವಾಯಿತೇ ಎಂಬುದೇ ಮುಖ್ಯ ಲೆಕ್ಕ.